ಕೊಡಲಿ ಎಸೆಯುವ ಸಂಜೆ: ಈ ಆಟ ಬೆಳಗಾವಿಗೆ ಬಂದರೆ ನಾವು ಏನು ನೋಡಬೇಕು?

"ಜೋರ ಹಾಕಬ್ಯಾಡ್ರಿ ಅಕ್ಕಾರ. ಹೊಡಿಯೋದಲ್ಲ ಇದು. ಸುಮ್ನ ಬಿಡ್ರಿ."

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಒಂದು ಹಳೆಯ ಶೆಡ್ಡು. ಶನಿವಾರ ಸಂಜೆ ಆರೂವರೆ. ನಮ್ಮ ಆಫೀಸಿನ ಎಂಟು ಜನ ಅಲ್ಲಿದ್ದೆವು. ಐದು ಜನ ಹೆಂಗಸರು, ಮೂರು ಜನ ಗಂಡಸರು. ನೆಲದ ಮೇಲೆ ಬಿಳಿ ಗೆರೆ. ಗೆರೆಯಿಂದ 12 ಅಡಿ ಆಚೆ ಮರದ ಹಲಗೆ, ಅದರ ಮೇಲೆ ಒಂದರೊಳಗೊಂದು ವರ್ತುಲ. ಅಕೌಂಟ್ಸ್ ನೋಡುವ ನಮ್ಮ ಅಕ್ಕ ಎರಡೂ ಕೈಯಲ್ಲಿ ಸಣ್ಣ ಕೊಡಲಿ ಹಿಡಿದು ಗೆರೆಯ ಹಿಂದೆ ನಿಂತಿದ್ದರು. ಅದಾಗಲೇ ಎರಡು ಸಲ ಎಸೆದಿದ್ದರು. ಎರಡೂ ಸಲ ಕೊಡಲಿ ಹಲಗೆಗೆ ಬಡಿದು ಠಣ್ ಅಂತ ಕೆಳಗೆ ಬಿದ್ದಿತ್ತು. ಮೂರನೇ ಸಲ ಶೆಡ್ಡಿನ ಕಾಕಾ ಹೇಳಿದ ಹಾಗೆ ಸುಮ್ನೆ ಬಿಟ್ಟರು. ಕೊಡಲಿ ಗಾಳಿಯಲ್ಲಿ ಒಂದು ಸುತ್ತು ತಿರುಗಿ ಹಲಗೆಯನ್ನು ಕಚ್ಚಿ ನಿಂತಿತು. ಟಪ್ ಅಂತ ಒಂದೇ ಸದ್ದು. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಕೂಗಿದ್ದಕ್ಕೆ ಪಕ್ಕದ ಶೆಡ್ಡಿನ ವಾಚ್‌ಮನ್ ಬಂದು ಇಣುಕಿ ನೋಡಿ ಹೋದ.

ಆ ಕಾಕಾ ನಮ್ಮ ಸಹೋದ್ಯೋಗಿಯೊಬ್ಬರ ಸಂಬಂಧಿಕರು. ಮೂವತ್ತು ವರ್ಷ ಫೌಂಡ್ರಿಗಳಿಗೆ ಮರದ ಪ್ಯಾಟರ್ನ್ ಮಾಡಿಕೊಟ್ಟವರು. ಎರಕ ಹೊಯ್ಯುವ ಮೊದಲು ಮರದಲ್ಲಿ ಅಚ್ಚು ಮಾಡುತ್ತಾರಲ್ಲ, ಆ ಕೆಲಸ. ಈಗ ಆ ಕೆಲಸ ಕಡಿಮೆಯಾಗಿದೆ, ಶೆಡ್ಡು ಖಾಲಿ ಬಿದ್ದಿದೆ. ಅವರ ಮಗ ಕೆನಡಾದಲ್ಲಿ ಓದುವಾಗ ಗೆಳೆಯರ ಜೊತೆ ಈ ಆಟ ಆಡಿ ವಿಡಿಯೋ ಕಳಿಸಿದ್ದನಂತೆ. ಅದನ್ನು ನೋಡಿ ಕಾಕಾ ಎರಡು ಗುರಿಹಲಗೆ ನಿಲ್ಲಿಸಿದ್ದಾರೆ. ವ್ಯಾಪಾರ ಇನ್ನೂ ಶುರು ಮಾಡಿಲ್ಲ. ಮಾಡಬೇಕೋ ಬೇಡವೋ ಅಂತ ಲೆಕ್ಕ ಹಾಕುತ್ತಿದ್ದಾರೆ. "ಬಂದು ಆಡಿ ನೋಡ್ರಿ, ಆಮೇಲೆ ಖರೇನ ಹೇಳ್ರಿ" ಅಂತ ಕರೆದಿದ್ದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಇಂಥ ಆಟದ ಜಾಗಗಳು ದೊಡ್ಡ ಊರುಗಳಿಂದ ನಮ್ಮಂಥ ಊರುಗಳ ಕಡೆಗೆ ಬರುವ ಕಾಲ ಇದು. ಬರುವ ಮೊದಲೇ ಅದರ ಒಳಿತು ಕೆಡಕು ಎರಡನ್ನೂ ನೋಡುವುದು ಒಳ್ಳೆಯದು.

ಕೊಡಲಿ ಎಸೆತ ಅಂದ ಕೂಡಲೇ ಎಲ್ಲರೂ ಕೇಳುವುದು ಅಪಾಯದ ಬಗ್ಗೆ. ಕೇಳಲೇಬೇಕಾದ ಮಾತು, ಅದಕ್ಕೆ ಬರುತ್ತೇನೆ. ಆದರೆ ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಇದೆ. ನಮ್ಮ ಊರಿನಲ್ಲಿ ಗಂಡಸರು ಹೆಂಗಸರು ಸೇರಿ ಎಂಟು ಹತ್ತು ಜನ ಒಂದು ಸಂಜೆ ಎಲ್ಲಿಗೆ ಹೋಗಬೇಕು?

ಗಂಡಸರಿಗೆ ಜಾಗ ಇದೆ. ಹೈವೇ ಧಾಬಾ ಇದೆ. ರಾತ್ರಿ ಲೈಟು ಹಾಕಿಕೊಂಡು ಕ್ರಿಕೆಟ್ ಆಡುವ ಟರ್ಫ್ ಇದೆ. ಎರಡು ದಿನ ರಜೆ ಸಿಕ್ಕರೆ ಚೋರ್ಲಾ ಘಾಟ್ ಇಳಿದು ಗೋವಾ. ಹೆಂಗಸರಿಗೆ? ಹೋಟೆಲ್ಲಿನಲ್ಲಿ ಊಟ, ಖಡೇಬಜಾರದಲ್ಲಿ ಒಂದು ಸುತ್ತು, ಎಂಟಕ್ಕೆ ಮನೆ. ಎಲ್ಲರೂ ಸೇರಿ ಹೋಗುವುದಾದರೆ ಮತ್ತೆ ಹೋಟೆಲ್ಲೇ. ಉದ್ದ ಟೇಬಲ್ಲಿನ ಒಂದು ತುದಿಯಲ್ಲಿ ಕೂತವರು ಇನ್ನೊಂದು ತುದಿಯವರ ಜೊತೆ ಇಡೀ ಸಂಜೆ ಒಂದು ಮಾತೂ ಆಡದೆ ಎದ್ದು ಬರುತ್ತಾರೆ. ವರ್ಷಕ್ಕೊಮ್ಮೆ ಆಫೀಸಿನ ಪಾರ್ಟಿಯಲ್ಲಿ ಇದನ್ನೇ ನೋಡಿದ್ದೇನೆ. ಕುಡಿಯುವವರು ಒಂದು ಕಡೆ, ಮನೆಗೆ ಹೋಗಲು ಗಡಿಯಾರ ನೋಡುವವರು ಇನ್ನೊಂದು ಕಡೆ. ಬೆಂಗಳೂರಿನವರು ನೈಟ್ ಔಟ್ ಅನ್ನುವುದು ನಮ್ಮಲ್ಲಿ ಒಂಬತ್ತಕ್ಕೆ ಮುಗಿಯುತ್ತದೆ. ನಮಗೆ ಸಿಗುವುದು ಆರರಿಂದ ಒಂಬತ್ತು, ಮೂರೇ ತಾಸು. ಆ ಮೂರು ತಾಸಿಗೆ ಏನಾದರೂ ಬೇಕು.

ಈ ಆಟ ಶುರುವಾದದ್ದೂ ಇಂಥದ್ದೇ ಒಂದು ಸಂಜೆಯ ಕೂಟದಿಂದ. ಕಾಡಿನಲ್ಲಿ ಮರ ಕಡಿಯುವವರು ಬಿಡುವಿನಲ್ಲಿ ಕೊಡಲಿ ಎಸೆದು ಪಂದ್ಯ ಕಟ್ಟುವುದು ಹಳೆಯ ವಿಷಯ. ಉತ್ತರ ಅಮೆರಿಕದ ಮರ ಕಡಿಯುವವರ ಸ್ಪರ್ಧೆಗಳಲ್ಲಿ ಇವತ್ತಿಗೂ ಎರಡು ಬಾಯಿಯ ದೊಡ್ಡ ಕೊಡಲಿಯನ್ನು 20 ಅಡಿ ದೂರದಿಂದ ಎಸೆಯುತ್ತಾರೆ. ಆದರೆ ಊರಿನೊಳಗೆ, ಸಾಮಾನ್ಯ ಜನ ಗುಂಪಾಗಿ ಆಡುವ ರೂಪ ಹುಟ್ಟಿದ್ದು ಕೆನಡಾದ ಟೊರೊಂಟೊದಲ್ಲಿ, 2006ರಲ್ಲಿ. ಮ್ಯಾಟ್ ವಿಲ್ಸನ್ ಎಂಬುವವರು ಗೆಳೆಯರನ್ನು ಕರೆದು ತಮ್ಮ ಮನೆಯ ಹಿತ್ತಲಲ್ಲಿ ಆಡಿಸಲು ಶುರು ಮಾಡಿದರು. ಹಿತ್ತಲ ಆಟ ಲೀಗ್ ಆಯಿತು, ಗೋಡೌನ್‌ಗಳಿಗೆ ಹೋಯಿತು, ಗಡಿ ದಾಟಿ ಅಮೆರಿಕಕ್ಕೆ ಹೋಯಿತು. 2017ರಲ್ಲಿ ವಿಶ್ವ ಕೊಡಲಿ ಎಸೆತ ಲೀಗ್ ಎಂಬ ಸಂಸ್ಥೆಯೂ ಬಂತು. ಹಲಗೆ ಎಷ್ಟು ಎತ್ತರ, ಗೆರೆ ಎಷ್ಟು ದೂರ, ಅಂಕ ಹೇಗೆ ಎಂಬುದಕ್ಕೆಲ್ಲ ಈಗ ನಿಯಮ ಇದೆ.

ಈ ಲೀಗಿನ ನಿಯಮ ಸರಳ. ನಟ್ಟನಡುವೆ ನೆಟ್ಟರೆ 6 ಅಂಕ, ಹೊರಗಿನ ವರ್ತುಲಗಳಿಗೆ ಹೋದಷ್ಟೂ ಕಡಿಮೆ. ಹಲಗೆಯ ಮೇಲ್ಭಾಗದಲ್ಲಿ ಎರಡು ಸಣ್ಣ ಚುಕ್ಕೆಗಳಿರುತ್ತವೆ, ಅವಕ್ಕೆ 8. ಒಂದು ಆಟಕ್ಕೆ ಹತ್ತು ಎಸೆತ. ಹತ್ತರಲ್ಲಿ ಎರಡು ಸಲ ಮಾತ್ರ ಚುಕ್ಕೆಗೆ ಗುರಿ ಇಡಬಹುದು ಎಂದು ಲೆಕ್ಕ ಹಾಕಿದರೆ ಪೂರ್ತಿ ಅಂಕ 64. ನಮ್ಮಲ್ಲಿ ಎಲ್ಲರಿಗಿಂತ ಜಾಸ್ತಿ ಬಂದದ್ದು 23, ಅದೂ ಎರಡನೇ ಆಟದಲ್ಲಿ.

ಆ 23 ತೆಗೆದವರು ಅಕೌಂಟ್ಸ್ ಅಕ್ಕ. ನಮ್ಮಲ್ಲಿ ದಿನಾ ಜಿಮ್ಮಿಗೆ ಹೋಗುವ ಒಬ್ಬ ಹುಡುಗ ಇದ್ದಾನೆ. ಅವನದು ಮೊದಲ ಹತ್ತು ಎಸೆತಕ್ಕೆ ಒಂದೂ ನೆಡಲಿಲ್ಲ. ಇದರಲ್ಲೇ ಆಟದ ಗುಟ್ಟಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಎಸೆಯುವ ಕೊಡಲಿ ನಮ್ಮ ಹೊಲದ ಕೊಡಲಿಯ ಹಾಗಲ್ಲ. ಸಣ್ಣದು. ತಲೆಯ ತೂಕ ಸುಮಾರು 700 ಗ್ರಾಂ, ಕಾವು ಒಂದೂಕಾಲು ಅಡಿ ಇರಬಹುದು. ಕಾವಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು, ತಲೆಯ ಮೇಲಿಂದ ತಂದು, ಕೈ ಕಣ್ಣಿನ ನೇರಕ್ಕೆ ಬಂದಾಗ ಬಿಟ್ಟುಬಿಡಬೇಕು. ಅದು ಗಾಳಿಯಲ್ಲಿ ಸರಿಯಾಗಿ ಒಂದೇ ಸುತ್ತು ತಿರುಗಿ ಹಲಗೆ ಮುಟ್ಟಬೇಕು. 12 ಅಡಿ ದೂರ ಇಟ್ಟಿರುವುದೇ ಅದಕ್ಕೆ. ಒಂದು ಸುತ್ತಿಗಿಂತ ಜಾಸ್ತಿ ತಿರುಗಿದರೆ ಕೊಡಲಿಯ ನೆತ್ತಿ ಮೊದಲು ಬಡಿಯುತ್ತದೆ, ಕಡಿಮೆ ತಿರುಗಿದರೆ ಕಾವಿನ ತುದಿ ಬಡಿಯುತ್ತದೆ. ನೆತ್ತಿ ಬಡಿದರೆ ಅರ್ಧ ಹೆಜ್ಜೆ ಮುಂದೆ ಬನ್ನಿ, ಕಾವು ಬಡಿದರೆ ಅರ್ಧ ಹೆಜ್ಜೆ ಹಿಂದೆ ಹೋಗಿ. ಇಷ್ಟೇ ಪಾಠ. ಬಲ ಹಾಕಿದವರು ಮಣಿಕಟ್ಟು ಬಾಗಿಸಿ ಎಸೆಯುತ್ತಾರೆ, ಮಣಿಕಟ್ಟು ಬಾಗಿದರೆ ಸುತ್ತು ಹೆಚ್ಚುತ್ತದೆ. ನಮ್ಮ ಜಿಮ್ ಹುಡುಗನಿಗೆ ಆಗಿದ್ದು ಇದೇ. ಜೋರು ಮಾಡಿದಷ್ಟೂ ಕೊಡಲಿ ಬೀಳುತ್ತಿತ್ತು, ಬಿದ್ದಷ್ಟೂ ಅವನು ಇನ್ನೂ ಜೋರು ಮಾಡುತ್ತಿದ್ದ. ಕೊನೆಗೆ ಕಾಕಾ ಅವನ ಭುಜ ಹಿಡಿದು, "ತಮ್ಮಾ, ಉಸರ ಬಿಡು ಮೊದಲ" ಅಂದರು. ಮುಂದಿನ ಎಸೆತ ನೆಟ್ಟಿತು.

ನಮ್ಮ ಕಡೆಯ ಊರಾಟಗಳನ್ನು ನೆನೆಸಿಕೊಳ್ಳಿ. ಜಾತ್ರೆಯಲ್ಲಿ ಗುಂಡು ಎತ್ತುವುದು, ಚೀಲ ಎತ್ತುವುದು, ಕುಸ್ತಿ. ಬಾಗಲಕೋಟೆ ಕಡೆ ಎತ್ತುಗಳಿಂದ ಬಂಡಿ ಎಳೆಸುವ ತೆರಬಂಡಿ. ಎಲ್ಲ ಬಲದ ಆಟ. ನನಗೆ ಅವುಗಳ ಮೇಲೆ ತುಂಬಾ ಪ್ರೀತಿ ಇದೆ. ಚಿಕ್ಕಂದಿನಲ್ಲಿ ಅಜ್ಜನ ಹೆಗಲ ಮೇಲೆ ಕೂತು ಕುಸ್ತಿ ನೋಡಿದವಳು ನಾನು. ಆದರೆ ಅಲ್ಲಿ ಹೆಣ್ಣುಮಕ್ಕಳಿಗೆ ಸಿಕ್ಕ ಜಾಗ ನೋಡುವವರ ಸಾಲಿನಲ್ಲಿ ಮಾತ್ರ. ಈ ಆಟದಲ್ಲಿ ಐವತ್ತು ದಾಟಿದ ಹೆಂಗಸೂ ಇಪ್ಪತ್ತೈದರ ಹುಡುಗನೂ ಒಂದೇ ಗೆರೆಯಲ್ಲಿ ನಿಲ್ಲುತ್ತಾರೆ. ಯಾರಿಗೂ ಮೊದಲೇ ಬರುವುದಿಲ್ಲ. ಕ್ರಿಕೆಟ್ಟಿನ ಹಾಗೆ ಚಿಕ್ಕಂದಿನಿಂದ ಆಡಿದವರು ಯಾರೂ ಇಲ್ಲ. ಎಲ್ಲರೂ ಒಟ್ಟಿಗೆ ಕಲಿಯಬೇಕು, ಎಲ್ಲರ ಮುಂದೆ ತಪ್ಪಬೇಕು. ಮ್ಯಾನೇಜರ್ ಎಸೆದದ್ದು ಠಣ್ ಅಂತ ಬಿದ್ದು, ಹೊಸದಾಗಿ ಸೇರಿದ ಹುಡುಗಿ ಎಸೆದದ್ದು ನೆಟ್ಟಾಗ ಆ ಗುಂಪಿನಲ್ಲಿ ಏನೋ ಸಡಿಲವಾಗುತ್ತದೆ. ಅದು ಉದ್ದ ಟೇಬಲ್ಲಿನಲ್ಲಿ ಆಗುವುದಿಲ್ಲ.

ಕಾಯುವ ಹೊತ್ತೂ ಇದರಲ್ಲಿ ಮುಖ್ಯ. ಎರಡು ಹಲಗೆ, ಎಂಟು ಜನ. ಒಂದು ಸಲಕ್ಕೆ ಇಬ್ಬರು ಎಸೆಯುತ್ತಾರೆ. ಎಸೆದು, ಹೋಗಿ ಕಿತ್ತುಕೊಂಡು ಬರಲು ಸುಮಾರು 40 ಸೆಕೆಂಡು. ಹತ್ತು ಎಸೆತಕ್ಕೆ ಏಳು ನಿಮಿಷ. ನಾಲ್ಕು ಜೋಡಿ ಮುಗಿಯಲು ಅರ್ಧ ಗಂಟೆ ಬೇಕು. ಅಂದರೆ ಪ್ರತಿಯೊಬ್ಬರೂ ಏಳು ನಿಮಿಷ ಆಡುತ್ತಾರೆ, ಇಪ್ಪತ್ತು ನಿಮಿಷ ಬೇರೆಯವರ ಆಟ ನೋಡುತ್ತಾರೆ. ಕಣ್ಣ ಮುಂದೆ ಕೊಡಲಿ ಹಾರುವಾಗ ಯಾರೂ ಫೋನ್ ನೋಡುವುದಿಲ್ಲ. ಎರಡು ತಾಸಿನಲ್ಲಿ ಫೋನ್ ಹೊರಗೆ ಬಂದದ್ದು ಫೋಟೋಕ್ಕೆ ಮಾತ್ರ. ಗುಂಪು ಹತ್ತು ದಾಟಿದರೆ ಕಾಯುವುದು ಬೇಸರವಾಗುತ್ತದೆ, ಮಾತು ಬೇರೆ ಕಡೆ ಹೋಗುತ್ತದೆ. ಅದಕ್ಕೇ ಒಂದು ಹಲಗೆಗೆ ನಾಲ್ಕು ಜನ, ಹೆಚ್ಚೆಂದರೆ ಐದು ಜನ ಇದ್ದರೆ ಸರಿ ಅಂತ ನನ್ನ ಅಭಿಪ್ರಾಯ.

ಇಲ್ಲಿ ಒಂದು ವಿಷಯ ಬೇರೆ ಮಾಡಿ ಹೇಳಬೇಕು. ಇಂಥ ಆಟಗಳನ್ನು "ಸಿಟ್ಟು ಹೊರಗೆ ಹಾಕಿ, ಮನಸ್ಸು ಹಗುರ ಮಾಡಿಕೊಳ್ಳಿ" ಅಂತ ಹೇಳಿ ಮಾರುತ್ತಾರೆ. ನಮ್ಮ ಗುಂಪಿನಲ್ಲೂ ಒಬ್ಬರು ಹಲಗೆಯ ಮೇಲೆ ಹಳೆಯ ಬಾಸ್ ಹೆಸರು ಬರೆಯಲು ಹೋದರು. ಕಾಕಾ ಸೀಮೆಸುಣ್ಣ ಕಸಿದುಕೊಂಡರು. ಅವರು ಮಾಡಿದ್ದು ಸರಿ, ಅದಕ್ಕೆ ಆಧಾರವೂ ಇದೆ. 2002ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರಾಡ್ ಬುಶ್‌ಮನ್ 600 ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಮೊದಲು ಅವರಿಗೆ ಸಿಟ್ಟು ಬರಿಸಿದರು. ಆಮೇಲೆ ಕೆಲವರಿಗೆ ಸಿಟ್ಟು ಬರಿಸಿದವನನ್ನೇ ನೆನೆಯುತ್ತಾ ಬಾಕ್ಸಿಂಗ್ ಚೀಲಕ್ಕೆ ಗುದ್ದಲು ಹೇಳಿದರು, ಕೆಲವರಿಗೆ ವ್ಯಾಯಾಮ ಅಂದುಕೊಂಡು ಗುದ್ದಲು ಹೇಳಿದರು, ಕೆಲವರನ್ನು ಸುಮ್ನೆ ಕೂರಿಸಿದರು. ಎಲ್ಲರಿಗಿಂತ ಜಾಸ್ತಿ ಸಿಟ್ಟು ಉಳಿದದ್ದು ನೆನೆಯುತ್ತಾ ಗುದ್ದಿದವರಲ್ಲಿ. ಎಲ್ಲರಿಗಿಂತ ಕಡಿಮೆ ಆಕ್ರಮಣ ತೋರಿಸಿದವರು ಸುಮ್ನೆ ಕೂತವರು. 2024ರಲ್ಲಿ ಬುಶ್‌ಮನ್ ಮತ್ತು ಅವರ ಸಹಸಂಶೋಧಕಿ 154 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗಲೂ ಮೈ ಬಿಸಿ ಮಾಡುವ ಕೆಲಸಗಳಿಂದ ಸಿಟ್ಟು ಇಳಿಯುವುದಿಲ್ಲ, ಮೈ ತಣ್ಣಗೆ ಮಾಡುವ ಕೆಲಸಗಳಿಂದ ಇಳಿಯುತ್ತದೆ ಎಂದೇ ಕಂಡಿತು.

ಹಾಗಾದರೆ ಆ ಸಂಜೆ ನಮಗೆಲ್ಲ ಹಗುರ ಅನ್ನಿಸಿದ್ದು ಯಾಕೆ? ನನ್ನ ಪ್ರಕಾರ ಅದು ಕೊಡಲಿಯಿಂದ ಬಂದದ್ದಲ್ಲ. ಉಸಿರು ಬಿಟ್ಟು, ಕಣ್ಣು ನೆಟ್ಟು, ಕೈ ಸಡಿಲ ಮಾಡಿದ್ದರಿಂದ ಬಂತು. ಪಕ್ಕದಲ್ಲಿ ನಿಂತವರು ನಮ್ಮ ಹೆಸರು ಹಿಡಿದು ಕೂಗಿದ್ದರಿಂದ ಬಂತು. ಸಿಟ್ಟು ಇಟ್ಟುಕೊಂಡು ಬಂದವರಿಗೆ ಕೊಡಲಿ ಕೊಡಬಾರದು. ಇದು ಕಾಕಾನ ನಿಯಮ. ನಾನಾದರೆ ಅದನ್ನು ಬಾಗಿಲ ಮೇಲೆ ಬರೆಸುತ್ತಿದ್ದೆ.

ಈಗ ಅಪಾಯದ ಮಾತು. 2019ರಲ್ಲಿ ಅಮೆರಿಕದ ಡೆನ್ವರ್‌ನಿಂದ ಒಂದು ವಿಡಿಯೋ ಲೋಕವೆಲ್ಲ ಸುತ್ತಿತು, ನೀವೂ ನೋಡಿರಬಹುದು. ಒಬ್ಬ ಹೆಣ್ಣುಮಗಳು ಎಸೆದ ಕೊಡಲಿ ನೆಲಕ್ಕೆ ಬಡಿದು, ಪುಟಿದು, ನೇರ ಅವಳ ತಲೆಯ ಕಡೆಗೇ ವಾಪಸ್ ಬರುತ್ತದೆ. ಅವಳು ಬಗ್ಗಿ ತಪ್ಪಿಸಿಕೊಂಡಳು. ಈ ಆಟದ ನಿಜವಾದ ಅಪಾಯ ಅದೇ, ಪುಟಿಯುವುದು. ಗುರಿ ತಪ್ಪಿ ಪಕ್ಕಕ್ಕೆ ಹೋದ ಕೊಡಲಿಯನ್ನು ಜಾಳಿಗೆ ತಡೆಯುತ್ತದೆ. ವಾಪಸ್ ಬರುವ ಕೊಡಲಿಯನ್ನು ತಡೆಯಬೇಕಾದದ್ದು ಮರ, ನೆಲ ಮತ್ತು ಅಲಗಿನ ಚೂಪು.

ಕಾಕಾ ಪ್ಯಾಟರ್ನ್ ಮಾಡಿದವರಾದ್ದರಿಂದ ಅವರಿಗೆ ಮರದ ನಾಡಿ ಗೊತ್ತು. ಸಾಗವಾನಿ, ಬೇವು ಎಲ್ಲ ಈ ಕೆಲಸಕ್ಕೆ ಬೇಡ ಅಂದರು. ಗಟ್ಟಿ ಮರ ಕೊಡಲಿಯನ್ನು ತಿರುಗಿ ಒಗೆಯುತ್ತದೆ. ಮೆತ್ತಗಿನ ಮರ ಬೇಕು. ಅವರು ಹಾಕಿದ್ದು ಮಷಿನ್ ಬರುವ ಪ್ಯಾಕಿಂಗ್ ಪೆಟ್ಟಿಗೆಗಳ ಪೈನ್ ಹಲಗೆ. ಉದ್ಯಮಬಾಗದಲ್ಲಿ ಅದಕ್ಕೇನು ಬರ? ಹಲಗೆಗೆ ಮೊದಲೇ ನೀರು ಚಿಮುಕಿಸಿ ಇಡುತ್ತಾರೆ. ಒದ್ದೆ ಮರ ಅಲಗನ್ನು ಹಿಡಿದುಕೊಳ್ಳುತ್ತದೆ, ಒಣಗಿದ ಮರ ಬಿಡುತ್ತದೆ. ನಡುವಿನ ಹಲಗೆ ಚಿಂದಿಯಾದ ಮೇಲೂ ಹಾಗೇ ಬಿಟ್ಟರೆ ಕೊಡಲಿ ನೆಡುವುದಿಲ್ಲ, ಪುಟಿಯುತ್ತದೆ. ಇಂಥ ಜಾಗಕ್ಕೆ ಹೋದರೆ ನೀವು ಮೊದಲು ನೋಡಬೇಕಾದದ್ದು ಗೋಡೆಯ ಬಣ್ಣ ಅಲ್ಲ, ಆ ನಡುವಿನ ಹಲಗೆ. ಅದು ಸೀಳಿ ಸಿಬರು ಎದ್ದಿದ್ದರೆ ದುಡ್ಡು ವಾಪಸ್ ಕೇಳಿ. ಹಾಗೇ ಕೊಡಲಿಯ ತಲೆ ಹಿಡಿದು ಅಲ್ಲಾಡಿಸಿ ನೋಡಿ. ಕಾವಿಗೆ ಬೆಣೆ ಸಡಿಲಾಗಿದ್ದರೆ ಮುಟ್ಟಬೇಡಿ. ಹೊಲದಲ್ಲಿ ಕೊಡಲಿ ಸಡಿಲಾದರೆ ನೀರಿನಲ್ಲಿ ನೆನೆಸಿಟ್ಟು ಆ ದಿನದ ಕೆಲಸ ಸಾಗಿಸುತ್ತೇವೆ. ಎಸೆಯುವ ಕೊಡಲಿಗೆ ಆ ಉಪಾಯ ಸಾಲದು. ಹೊಸ ಬೆಣೆ ಹೊಡೆಯಬೇಕು, ಇಲ್ಲ ಕಾವನ್ನೇ ಬದಲಿಸಬೇಕು.

ಉಳಿದದ್ದು ಶಿಸ್ತು. ಇಬ್ಬರೂ ಎಸೆದ ಮೇಲೆ ಇಬ್ಬರೂ ಒಟ್ಟಿಗೆ ಹೋಗಿ ತರಬೇಕು. ಒಬ್ಬರು ಮುಂದೆ ಇದ್ದಾಗ ಇನ್ನೊಬ್ಬರು ಕೊಡಲಿ ಎತ್ತಲೂಬಾರದು. ಕೈಯಿಂದ ಕೈಗೆ ಕೊಡುವ ಹಾಗಿಲ್ಲ. ತಂದು ಮರದ ದಿಮ್ಮಿಗೆ ಕಚ್ಚಿಸಿ ಇಡಬೇಕು, ಮುಂದಿನವರು ಅಲ್ಲಿಂದ ತಗೋಬೇಕು. ಚಪ್ಪಲಿ ನಡೆಯುವುದಿಲ್ಲ, ಬೂಟು ಬೇಕು. ನಮ್ಮಲ್ಲಿ ಐದೂ ಜನ ಹೆಂಗಸರು ಚಪ್ಪಲಿಯಲ್ಲೇ ಹೋಗಿದ್ದೆವು. ಯಾರೂ ಮೊದಲೇ ಹೇಳಿರಲಿಲ್ಲ. ಕಾಕಾ ಮನೆಯಿಂದ ಹಳೆಯ ಬೂಟು ತರಿಸಿದರು. ಸೆರಗು, ಓಢಣಿ ಸೊಂಟಕ್ಕೆ ಬಿಗಿಯಬೇಕು. ಕೈ ತಲೆಯ ಹಿಂದೆ ಹೋದಾಗ ಕಾವಿಗೆ ಓಢಣಿ ಸುತ್ತಿಕೊಂಡರೆ ಏನಾಗುತ್ತದೆ ಯೋಚಿಸಿ. ಬಳೆಯನ್ನೂ ಮೇಲಕ್ಕೆ ಸರಿಸಿ ಕರ್ಚೀಫು ಕಟ್ಟಿದೆವು. ಹೊರದೇಶದ ನಿಯಮದ ಪುಸ್ತಕದಲ್ಲಿ ಓಢಣಿಯ ಮಾತು ಬರುವುದಿಲ್ಲ. ಇಲ್ಲಿ ಜಾಗ ತೆರೆಯುವವರು ಅದನ್ನು ತಾವೇ ಸೇರಿಸಿಕೊಳ್ಳಬೇಕು.

ಕುಡಿತ? ಹೊರದೇಶದ ಎಷ್ಟೋ ಕಡೆ ಬಿಯರ್ ಕೊಟ್ಟೇ ಆಡಿಸುತ್ತಾರೆ, ಮಿತಿ ಇಟ್ಟು ನೋಡಿಕೊಳ್ಳುತ್ತಾರೆ. ಇಲ್ಲಿ ಅದು ಬೇಡವೇ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕೈ ಸಡಿಲ ಇರಬೇಕಾದ ಆಟಕ್ಕೆ ತಲೆ ಸಡಿಲಾದರೆ ಅಪಾಯ ಅನ್ನುವುದು ಒಂದು ಕಾರಣ. ಕುಡಿತ ಬಂದ ದಿನವೇ ಅದು ಇನ್ನೊಂದು ಧಾಬಾ ಆಗುತ್ತದೆ, ಹೆಂಗಸರು ಬರುವುದು ನಿಲ್ಲುತ್ತದೆ ಅನ್ನುವುದು ಇನ್ನೊಂದು. ಚಹಾ ಇರಲಿ, ಗಿರ್ಮಿಟ್ ಇರಲಿ. ನಮಗೆ ಕಾಕಾನ ಮನೆಯಿಂದ ಕುಂದಾ ಬಂದಿತ್ತು, ಅಷ್ಟೇ ಸಾಕಾಯಿತು.

ಗುಂಪಿನಲ್ಲಿ ಒಬ್ಬರು ಮಾತ್ರ ಮೊದಲ ಅರ್ಧ ತಾಸು ಕೊಡಲಿ ಮುಟ್ಟಲಿಲ್ಲ. ಸವದತ್ತಿ ಕಡೆಯವರು. "ನಮ್ಮ ಕಡೆ ಕೊಡ್ಲಿ ಅಂದ್ರ ಪರಶುರಾಮಂದ್ರಿ. ಅದನ್ನ ಒಗದ ಆಡಬಾರದು" ಅಂದರು. ಅವರ ಮಾತು ಹಗುರದ್ದಲ್ಲ. ಯಲ್ಲಮ್ಮನ ಗುಡ್ಡದ ಕತೆಯಲ್ಲಿ ತಂದೆಯ ಮಾತಿಗೆ ಮಗ ತಾಯಿಯ ತಲೆ ತೆಗೆದದ್ದು ಕೊಡಲಿಯಿಂದಲೇ. ಐಹೊಳೆಯಲ್ಲಿ ಅದೇ ಪರಶುರಾಮ ನೆತ್ತರಾದ ಕೊಡಲಿಯನ್ನು ಮಲಪ್ರಭೆಯಲ್ಲಿ ತೊಳೆದ, ಹೊಳೆ ಕೆಂಪಾದದ್ದನ್ನು ನೋಡಿ ಜನ ಅಯ್ಯೋ ಹೊಳೆ ಅಂದರು, ಅದರಿಂದ ಊರಿಗೆ ಆ ಹೆಸರು ಬಂತು ಅಂತ ಹೇಳುತ್ತಾರೆ. ಕೊಡಲಿಯ ಆಕಾರದ ಬಂಡೆಯನ್ನೂ ತೋರಿಸುತ್ತಾರೆ. ಖಂಡೇನವಮಿಯ ದಿನ ಕುಡಗೋಲು, ಕೊಡಲಿಗೆ ಕುಂಕುಮ ಹಚ್ಚಿ ಕೈ ಮುಗಿಯುವ ಜನ ನಾವು. "ಕೊಡಲಿ ಕಾವು ಕುಲಕ್ಕೆ ಮೃತ್ಯು" ಅನ್ನುವ ಗಾದೆಯೂ ನಮ್ಮದೇ. ಕೊಡಲಿ ನಮಗೆ ಬರೀ ಸಾಮಾನಲ್ಲ.

ಕಾಕಾ ವಾದ ಮಾಡಲಿಲ್ಲ. ಕೊಡಲಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡು, "ನಾನೂ ದಿನಾ ಬಾಗಲಾ ತಗಿಯೂ ಮುಂದ ಹಿಂಗ ಮಾಡ್ತೀನ್ರಿ ಬಾಯಿ" ಅಂದರು. ಅವರು ಮಾಡುವುದು ನಿಜ, ಮೂಲೆಯಲ್ಲಿ ಊದಿನಕಡ್ಡಿಯ ಬೂದಿ ಇತ್ತು. ಸವದತ್ತಿಯ ಅವರು ಹಾಗೇ ಒತ್ತಿಕೊಂಡು ಆಮೇಲೆ ಎಸೆದರು. ಒಲ್ಲೆ ಅಂದಿದ್ದರೂ ಸರಿಯೇ ಇತ್ತು. ಗುಂಪಿನ ಸಂಜೆ ಅಂದರೆ ಎಲ್ಲರೂ ಮಾಡಲೇಬೇಕು ಅಂತ ಒತ್ತಾಯ ಮಾಡುವುದು ನನಗೆ ಸೇರುವುದಿಲ್ಲ. ಅಂಕ ಬರೆಯುವವರೂ ಬೇಕಲ್ವಾ?

ಇನ್ನು ಕಾನೂನು. ಇದರ ಬಗ್ಗೆ ಕಾಕಾನಿಗೆ ಜಾಸ್ತಿ ಚಿಂತೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ, 2016ರ ನಿಯಮಗಳಿವೆ. ಆ ನಿಯಮಗಳ ಪಟ್ಟಿಯಲ್ಲಿ ಖಡ್ಗ, ಭರ್ಚಿಗಳ ಜೊತೆ ಯುದ್ಧದ ಕೊಡಲಿಯ ಹೆಸರೂ ಇದೆ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಆಯುಧಗಳೂ ಅದರಲ್ಲಿ ಸೇರುತ್ತವೆ. ಮನೆಗೆಲಸಕ್ಕೆ, ಹೊಲದ ಕೆಲಸಕ್ಕೆ, ವಿಜ್ಞಾನಕ್ಕೆ, ಕೈಗಾರಿಕೆಗೆ ಮಾಡಿದ್ದಕ್ಕೆ ವಿನಾಯಿತಿ. ಕಟ್ಟಿಗೆ ಕಡಿಯುವ ಕೊಡಲಿಗೆ ಲೈಸೆನ್ಸ್ ಕೇಳದಿರುವುದು ಅದಕ್ಕೇ. ಆದರೆ ಆಟಕ್ಕೆಂದೇ ಮಾಡಿದ ಕೊಡಲಿ ಯಾವ ಸಾಲಿಗೆ ಸೇರುತ್ತದೆ ಅಂತ ಅಲ್ಲಿ ಬರೆದಿಲ್ಲ. ಶೆಡ್ಡಿನೊಳಗೆ ಆಡುವುದು ಒಂದು, ಅದನ್ನು ಬ್ಯಾಗಿನಲ್ಲಿ ಹಾಕಿಕೊಂಡು ಊರಲ್ಲಿ ತಿರುಗುವುದು ಇನ್ನೊಂದು. ಬೆಳಗಾವಿಯಲ್ಲಿ ಹಬ್ಬ, ಮೆರವಣಿಗೆ, ಗಡಿ ಗಲಾಟೆ, ಸುವರ್ಣ ವಿಧಾನಸೌಧದ ಅಧಿವೇಶನ ಅಂತ ನಿಷೇಧಾಜ್ಞೆ ಹೊಸದೇನಲ್ಲ. ಅಂಥ ದಿನ ಆಯುಧ ಹಿಡಿದು ಓಡಾಡಿದರೆ ಆಟ ಅಂತ ಹೇಳಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಹಾಗಾಗಿ ಕೊಡಲಿಗಳು ಶೆಡ್ಡು ಬಿಟ್ಟು ಹೊರಗೆ ಹೋಗಬಾರದು, ಎಣಿಸಿ ಪೆಟ್ಟಿಗೆಗೆ ಹಾಕಿ ಬೀಗ ಹಾಕಬೇಕು. ತೆರೆಯುವ ಮೊದಲೇ ಪೊಲೀಸ್ ಠಾಣೆಗೆ ಹೋಗಿ ಬರಹದಲ್ಲಿ ತಿಳಿಸಬೇಕು. ನಾವು ಕಾಕಾನಿಗೆ ಇದನ್ನೇ ಹೇಳಿದೆವು.

ಏನಾದರೂ ಆದರೆ ನಾವೇ ಹೊಣೆ ಅನ್ನುವ ಕಾಗದಕ್ಕೆ ಎಲ್ಲರಿಂದ ಸಹಿ ಹಾಕಿಸಿಕೊಂಡರೆ ಸಾಕು ಅಂತ ಯಾರೋ ಅವರಿಗೆ ಹೇಳಿದ್ದರಂತೆ. ಸಾಲದು. ಆಟದಲ್ಲಿ ಅಪಾಯ ಇದೆ ಅಂತ ಬಂದವರಿಗೆ ತಿಳಿಸಿದ್ದಕ್ಕೆ ಆ ಕಾಗದ ಸಾಕ್ಷಿ, ಅಷ್ಟೇ. ಸಡಿಲಾದ ಕೊಡಲಿ ಕೊಟ್ಟು ಗಾಯವಾದರೆ ಯಾವ ಸಹಿಯೂ ಹೊಣೆ ತಪ್ಪಿಸುವುದಿಲ್ಲ. ನಿರ್ಲಕ್ಷ್ಯದಿಂದ ಬೇರೆಯವರ ಜೀವಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ ಇದೆ, ಜೀವವೇ ಹೋದರೆ 106 ಇದೆ.

ಆದರೆ ನನ್ನನ್ನು ಎಲ್ಲಕ್ಕಿಂತ ಕಾಡಿದ್ದು ಕೊಡಲಿಯಲ್ಲ, ಬಾಗಿಲು. ಆ ಶೆಡ್ಡಿಗೆ ಇರುವುದು ಒಂದೇ ಬಾಗಿಲು. ಮೂಲೆಯಲ್ಲಿ ಮರದ ಚೂರು, ಹಲಗೆಯ ರಾಶಿ, ಹಳೆಯ ವೈರಿಂಗ್. 2024ರ ಮೇ 25ರಂದು ಗುಜರಾತಿನ ರಾಜ್‌ಕೋಟ್‌ನ ಗೇಮ್ ಝೋನ್‌ನಲ್ಲಿ ಬೆಂಕಿ ಹತ್ತಿ 27 ಜನ ಸತ್ತರು, ಅದರಲ್ಲಿ ಮಕ್ಕಳೂ ಇದ್ದರು. ಬೇಸಿಗೆ ರಜೆಯ ಶನಿವಾರ. ತಗಡಿನ ಕಟ್ಟಡ, ಒಳಗೆ ವೆಲ್ಡಿಂಗ್ ನಡೆದಿತ್ತು, ಅಗ್ನಿಶಾಮಕದವರ ಒಪ್ಪಿಗೆ ಪತ್ರ, ಅಂದರೆ ಎನ್‌ಒಸಿ ಇರಲಿಲ್ಲ. ಅವರೂ ನಮ್ಮ ಹಾಗೇ ಒಂದು ಸಂಜೆ ಖುಷಿಯಾಗಿರಲು ಹೋದವರು. ಹಳೆಯ ಗೋಡೌನ್, ಶೆಡ್ಡುಗಳನ್ನು ಆಟದ ಜಾಗ ಮಾಡುವಾಗ ಎಲ್ಲರ ಕಣ್ಣೂ ಆಟದ ಸಾಮಾನಿನ ಮೇಲೆ ಇರುತ್ತದೆ. ಓಡಿ ಹೊರಗೆ ಹೋಗುವ ದಾರಿ ಎಲ್ಲಿದೆ ಅಂತ ಯಾರೂ ನೋಡುವುದಿಲ್ಲ. ಎರಡನೇ ಬಾಗಿಲು ಒಡೆಸುವ ತನಕ ತೆರೆಯಬೇಡಿ ಅಂತ ನಾನು ಕಾಕಾನಿಗೆ ಕೈ ಹಿಡಿದು ಹೇಳಿದೆ. ಅವರು ಹಿಂದಿನ ಗೋಡೆ ತೋರಿಸಿ, "ಅಲ್ಲೇ ಒಡಸ್ತೀನಿ ತಂಗಿ, ಮೇಸ್ತ್ರಿಗೆ ಹೇಳೀನಿ" ಅಂದರು.

ದುಡ್ಡಿನ ಲೆಕ್ಕ ಸಣ್ಣದು. ಒಬ್ಬರಿಗೆ ತಾಸಿಗೆ 300 ರೂಪಾಯಿ ಇಡಬೇಕು ಅಂತ ಕಾಕಾನ ಯೋಚನೆ. ಎಂಟು ಜನಕ್ಕೆ 2,400. ಹೋಟೆಲ್ ಊಟಕ್ಕೆ ಹೋಲಿಸಿದರೆ ಜಾಸ್ತಿ ಅನ್ನಿಸಲಿಲ್ಲ ನಮಗೆ. ಆದರೆ ಒಂದೊಂದು ಹಲಗೆಗೂ ಪಕ್ಕದಲ್ಲೇ ನಿಂತು ಕಲಿಸುವ, ಕಣ್ಣಿಡುವ ಒಬ್ಬರು ಬೇಕು. ಅವರ ಸಂಬಳ ಉಳಿಸಲು ಹೋದರೆ ಈ ಆಟವನ್ನೇ ಶುರು ಮಾಡಬಾರದು. ಕಲಿಸುವವರಲ್ಲಿ ಒಬ್ಬರಾದರೂ ಹೆಂಗಸು ಇರಲಿ ಅಂತ ನಮ್ಮ ಬೇಡಿಕೆ. ಭುಜ ಹಿಡಿದು ತಿದ್ದಬೇಕಾದ ಆಟ ಇದು, ಹಾಗಾಗಿ ಕೇಳಿದೆವು. ಅಕೌಂಟ್ಸ್ ಅಕ್ಕನ ಕಡೆ ನೋಡಿ ಕಾಕಾ, "ಆಯಿತವಾರ ನೀವ ಬರ್ತೀರೇನ್ರಿ ಮತ್ತ?" ಅಂದರು. ಅಕ್ಕ ಇಲ್ಲ ಅನ್ನಲಿಲ್ಲ. ಮನೆಯಲ್ಲಿ ಕೇಳಿ ಹೇಳ್ತೀನಿ ಅಂದರು.

ನಾವು ಹೊರಡುವಾಗ ಎಂಟೂಮುಕ್ಕಾಲು. ಕಾಕಾ ನಡುವಿನ ಹಲಗೆಯ ಸ್ಕ್ರೂ ಬಿಚ್ಚುತ್ತಿದ್ದರು. ಹೊಸ ಹಲಗೆ ಆಗಲೇ ನೀರಿನ ಡ್ರಮ್ಮಿನಲ್ಲಿ ನೆನೆಯುತ್ತಿತ್ತು. ಬಿಚ್ಚಿದ ಹಲಗೆಯ ನಡುವೆ ಒಂದು ಅಂಗೈಯಗಲ ಮರ ಹಿಂಜಿದ ಹತ್ತಿಯ ಹಾಗೆ ಎದ್ದಿತ್ತು. ಒಂದು ಹಲಗೆ ಎಷ್ಟು ಎಸೆತ ತಾಳುತ್ತದೆ ಅನ್ನುವುದನ್ನು ಅವರು ಇನ್ನೂ ಲೆಕ್ಕ ಹಿಡಿಯುತ್ತಿದ್ದಾರೆ. ಎಂಟು ಜನ, ತಲಾ ಸುಮಾರು 40 ಎಸೆತ, ಎರಡು ಹಲಗೆಗೆ ಹಂಚಿದರೆ ಒಂದಕ್ಕೆ 160. ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಹಲಗೆಯ ಹಿಂದೆ ತಾರೀಖು ಬರೆದರು, ಕೆಳಗೆ 160 ಅಂತ ಬರೆದು, ಉಳಿದ ಹಲಗೆಗಳ ಜೊತೆ ಗೋಡೆಗೆ ಒರಗಿಸಿದರು.